ದೊಡ್ಡಪ್ಪ ಮುಳುಗಿಸಿದ ಹಡಗು

ದೊಡ್ಡಪ್ಪನ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹೊಲಿಗೆ ಯಂತ್ರದ ಸೂಜಿ ಒಮ್ಮೆ ಆ ಬೆರಳನ್ನು ತೂರಿ ಹೋಗಿತ್ತಂತೆ. ಅಲ್ಲಿಂದಾಚೆಗೆ ಎಷ್ಟು ಸಲ ಕತ್ತರಿಸಿದರೂ ಉಗುರು ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಯಾರಾದರೂ ಅದನ್ನೇ ನೋಡುತ್ತಿದ್ದರೆ ಸಾಕು, ಬೆರಳನ್ನು ಅವರ ಮೂಗಿನ ಹತ್ತಿರ ಹಿಡಿದು, "ಇದು ಚಿಂತಾಮಣಿ ಅಂಗಡಿ ಸೂಜಿ ಚುಚ್ಚಿದ್ದಲ್ಲಪ್ಪ, ಬ್ರಿಟಿಷ್ ಹಡಗಿನ ಸೂಜಿ" ಎಂದು ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ಎದೆ ಒಂದಿಷ್ಟು ಮುಂದಕ್ಕೆ ಬರುತ್ತಿತ್ತು.

ಅವರು ನನ್ನ ಅಪ್ಪನ ಒಡಹುಟ್ಟಿದ ಅಣ್ಣನಲ್ಲ. ಶಿಡ್ಲಘಟ್ಟದ ಒಂದೇ ಜಗುಲಿಯ ಮೇಲೆ ಇಬ್ಬರೂ ಅಕ್ಕಪಕ್ಕ ಯಂತ್ರ ಹಾಕಿಕೊಂಡು ಹೊಲಿಯುತ್ತಿದ್ದ ದರ್ಜಿಗಳು. ಯುದ್ಧದ ಕಾಲದಲ್ಲಿ ಕೊಲಂಬೋಗೆ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ಗುತ್ತಿಗೆದಾರನೊಬ್ಬನ ಹಿಂದೆ ಇಬ್ಬರೂ ಹೋದರು. ಆಗ ನಾನು ಅಮ್ಮನ ಮಡಿಲಿನಲ್ಲಿದ್ದ ಕೂಸು. ಕೊಲಂಬೋದಿಂದ ಟ್ರಿಂಕೊಮಲಿ ಬಂದರಿಗೆ ಹೋಗಿ, ಅಲ್ಲಿ ಬ್ರಿಟಿಷರ ಕ್ರೂಸರ್ ಎಂಬ ಬಗೆಯ ಒಂದು ಯುದ್ಧದ ಹಡಗಿಗೆ ದರ್ಜಿಗಳಾಗಿ ಸೇರಿಕೊಂಡರು. ನಾವಿಕರ ಗುಂಡಿ ಹೊಲಿಯುವುದು, ಷರಾಯಿ ಗಿಡ್ಡ ಮಾಡುವುದು, ಗಾಳಿಗೆ ಹರಿದ ಸಂಕೇತದ ಬಾವುಟಗಳಿಗೆ ತೇಪೆ ಹಾಕುವುದು ಅವರ ಕೆಲಸ. ಗುತ್ತಿಗೆಯ ಆಳುಗಳಾದ್ದರಿಂದ ಅವರ ವಿಚಾರವಾಗಿ ಸರ್ಕಾರದಿಂದ ಮನೆಗೆ ಒಂದು ಸುದ್ದಿಯೂ ಬರುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ದೊಡ್ಡಪ್ಪ ಒಬ್ಬರೇ ಬಂದರು. ಆ ದಿನದ ನೆನಪು ನನಗೆ ಸರಿಯಾಗಿಲ್ಲ. ಅಂಗಳದ ತುಂಬ ಹೆಂಗಸರು, ಯಾರೋ ನನ್ನನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಮೇಕೆಮರಿ ತೋರಿಸಿದ್ದು, ನಾನು ವಾಪಸು ಬಂದಾಗ ಅಮ್ಮನ ಕೈ ಬೋಳಾಗಿದ್ದದ್ದು, ಇಷ್ಟೇ. ಹಡಗು ಮುಳುಗಿತು, ಅಪ್ಪ ಹಡಗಿನ ಜೊತೆಯಲ್ಲೇ ಹೋದ ಎಂದು ದೊಡ್ಡಪ್ಪ ಹೇಳಿದ್ದರು. ಅವರು ಕಣ್ಣಾರೆ ಕಂಡವರು, ಹಾಗಾಗಿ ಇನ್ನೊಬ್ಬರನ್ನು ಕೇಳುವ ಮಾತೇ ಇರಲಿಲ್ಲ.

ಆಮೇಲೆ ಅವರು ಚಿಂತಾಮಣಿಯಲ್ಲಿ ಅಂಗಡಿ ಹಾಕಿದರು. ಮದುವೆಯಾಗಲಿಲ್ಲ. ಸಂತೆಯ ದಿನ ತಪ್ಪದೆ ನಮ್ಮೂರಿಗೆ ಪುಟ್ಟ ರೈಲಿನಲ್ಲಿ ಬರುತ್ತಿದ್ದರು, ಕಂಕುಳಲ್ಲಿ ಬಟ್ಟೆಯ ಗಂಟು, ಜೇಬಿನಲ್ಲಿ ನನಗೆ ಕಡಲೆಮಿಠಾಯಿ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಅಪ್ಪನ ಯಂತ್ರಕ್ಕೆ ಎಣ್ಣೆ ಬಿಟ್ಟು, ಅಮ್ಮನನ್ನು ಅದರ ಮುಂದೆ ಕೂರಿಸಿ ಹೊಲಿಗೆ ಕಲಿಸಿದವರು ಅವರೇ. ಅಮ್ಮ ಮೊದಲು ಹೊಲಿದ ರವಿಕೆಯ ತೋಳೆರಡೂ ಹಿಂದುಮುಂದಾಗಿದ್ದವು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು, "ಪರವಾಗಿಲ್ಲಮ್ಮ, ಹಿಂದಕ್ಕೆ ನಡೆಯೋರಿಗೆ ಸರಿಹೋಗ್ತದೆ" ಅಂದರು. ಗಂಡ ಹೋದ ಮೇಲೆ ಅಮ್ಮ ಮೊದಲ ಸಲ ನಕ್ಕಿದ್ದು ಆಗಲೇ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಯಂತ್ರದ ಅನ್ನವನ್ನೇ ಉಂಡು ನಾನು ದೊಡ್ಡವಳಾದೆ, ಓದಿದೆ, ಮೇಷ್ಟರಮ್ಮನಾದೆ. ಇದನ್ನು ಇಲ್ಲವೆನ್ನುವುದಿಲ್ಲ.

ಊಟವಾದ ಮೇಲೆ ಅವರು ಚಾಪೆಯ ಮೇಲೆ ನಾಲ್ಕು ದಾರದ ರೀಲುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅದೇ ಸ್ಕ್ವಾಡ್ರನ್, ಒಂದರ ಹಿಂದೊಂದು ಸಾಗುವ ಯುದ್ಧದ ಹಡಗುಗಳ ತಂಡ. ಬಿಳಿ ದಾರದ್ದು ಅಡ್ಮಿರಲ್ಲನ ಹಡಗು, ಅದರ ಹಿಂದಿನ ಕೆಂಪು ದಾರದ್ದು ಅವರ ಹಡಗು. ಒಂದಕ್ಕೆ ಸಿಂಹಳದ ಹೆಸರು, ಇನ್ನೊಂದಕ್ಕೆ ಕೀನ್ಯದ್ದು, ಅವರದಕ್ಕೂ ಆಫ್ರಿಕದ ಒಂದು ದೇಶದ ಹೆಸರೇ. ಬ್ರಿಟಿಷರು ತಾವು ಹಿಡಿದ ದೇಶಗಳ ಹೆಸರನ್ನೆಲ್ಲ ಹಡಗುಗಳಿಗೆ ಇಟ್ಟುಕೊಂಡಿದ್ದರಂತೆ. ಮುಂದಿನ ಹಡಗಿನಲ್ಲಿ ಬಾವುಟ ಮೇಲೇರಿದರೆ ಹಿಂದಿನವರೂ ಅದೇ ಬಾವುಟವನ್ನು ಏರಿಸುತ್ತಿದ್ದರು. ಕಂಡೆವು, ತಿಳಿಯಿತು ಎಂದು ಅದರ ಅರ್ಥ. ಆದರೆ ಯಾರೂ ಆಗಲೇ ತಿರುಗುವ ಹಾಗಿಲ್ಲ. ಅಡ್ಮಿರಲ್ಲನ ಬಾವುಟ ಸರ್ರನೆ ಕೆಳಗಿಳಿದ ಕ್ಷಣ ಎಲ್ಲವೂ ತಿರುಗಬೇಕು. ನಾನು ಕರವಸ್ತ್ರ ಹಿಡಿದು ಅಡ್ಮಿರಲ್ ಆಗುತ್ತಿದ್ದೆ, ದೊಡ್ಡಪ್ಪ ರೀಲುಗಳನ್ನು ತಿರುಗಿಸುತ್ತಿದ್ದರು.

ಸ್ಕ್ವಾಡ್ರನ್ ಸುಮಾತ್ರದ ತೀರಕ್ಕೆ ಹೋಗಿ ಜಪಾನಿಯರ ಬಂದರಿನ ಮೇಲೆ ಗುಂಡು ಸುರಿಸಿದ್ದನ್ನು ಅವರು ಬಾಯಲ್ಲೇ ಸದ್ದು ಮಾಡಿ ಹೇಳುತ್ತಿದ್ದರು. ಹಡಗಿನ ಮೇಲೆ ತಿರುಗುವ ಉಕ್ಕಿನ ಗೂಡುಗಳು, ಒಂದೊಂದು ಗೂಡಿಗೆ ಮೂರು ಮೂರು ತೋಪು. ಅವು ಹಾರಿದ ರಭಸಕ್ಕೆ ಕೆಳಗಡೆ ಅವರ ಡಬ್ಬಿಯ ಗುಂಡಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಯುದ್ಧ ನಡೆದಷ್ಟು ಹೊತ್ತೂ ಅಪ್ಪ ಮತ್ತು ಅವರು ಮಂಡಿಯೂರಿ ಗುಂಡಿ ಹೆಕ್ಕುತ್ತಿದ್ದರಂತೆ.

ಒಂದು ಸಲ ನಾನು ಕೇಳಿದೆ. "ದೊಡ್ಡಪ್ಪ, ಮುಂದಿನ ಹಡಗೇ ದಾರಿ ತಪ್ಪಿದ್ರೆ?"

"ತಪ್ಪಿದ್ರೆ ಹಿಂದಿನವೂ ಹಿಂದೇನೇ ಹೋಗ್ಬೇಕು ಕಣಮ್ಮ. ಸಾಲು ಬಿಡಂಗಿಲ್ಲ. ಅಷ್ಟೇ."

ಹಡಗು ಮುಳುಗಿದ ಕತೆಯನ್ನು ಮಾತ್ರ ಅವರು ತಾವಾಗಿ ಹೇಳುತ್ತಿರಲಿಲ್ಲ, ನಾನು ಕಾಡಿ ಹೇಳಿಸುತ್ತಿದ್ದೆ. ಸಿಂಹಳದ ಕೆಳಗಡೆ, ನಡುಹಗಲು, ಬಿಸಿಲಿನ ಕಡೆಯಿಂದ ಜಪಾನಿ ವಿಮಾನಗಳು ಬಂದವು. ಹಡಗು ವಾಲಿತು. ಬಟ್ಟೆ ಕತ್ತರಿಸುವ ಹಲಗೆ ಒಂದೇ ಇತ್ತು. ಅದನ್ನು ಅಪ್ಪ ಇವರ ಕಡೆ ನೂಕಿ, "ನೀನು ಹಿಡ್ಕೊ, ಊರಲ್ಲಿ ಹೇಳೋಕೆ ಒಬ್ಬರಾದ್ರೂ ಬೇಕು" ಅಂದ. ಆ ಮಾತು ಬಂದಾಗ ದೊಡ್ಡಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ಪಾಪ, ಎಷ್ಟು ದುಃಖ ಅಂದುಕೊಳ್ಳುತ್ತಿದ್ದೆ ನಾನು, ಪೆದ್ದಿ.

ಆ ಹಲಗೆಯ ಮೇಲೆ ನನ್ನ ಬಾಲ್ಯವೆಲ್ಲ ತೇಲಿತು. ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನನ್ನು ಎದ್ದು ನಿಲ್ಲಿಸಿ ಅಪ್ಪನ ಕತೆ ಹೇಳಿಸುತ್ತಿದ್ದರು. ಅಪ್ಪನ ತಿಥಿ ಯಾವತ್ತು ಮಾಡಬೇಕೆಂದು ಹಿರಿಯರು ಕೇಳಿದಾಗ ದೊಡ್ಡಪ್ಪ ಒಂದು ಗಳಿಗೆ ಯೋಚಿಸಿ, ಮಾಘ ಬಹುಳ ಪಂಚಮಿ ಎಂದಿದ್ದರಂತೆ. ವರ್ಷ ವರ್ಷ ಆ ದಿನ ಅಮ್ಮ ಉಪವಾಸವಿದ್ದು ಅಡುಗೆ ಮಾಡಿ ಅಪ್ಪನಿಗೆ ಎಡೆ ಇಡುತ್ತಿದ್ದಳು. ದೊಡ್ಡಪ್ಪ ಮೊದಲ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದರು. ವಡೆ ಎಂದರೆ ಅವರಿಗೆ ಪ್ರಾಣ, ಅಮ್ಮ ಕೇಳದೆಯೇ ಇನ್ನೆರಡು ಬಡಿಸುತ್ತಿದ್ದಳು.

ಐವತ್ತೇಳರಲ್ಲಿ ನಾನು ಹೈಸ್ಕೂಲು ಮುಗಿಸಿದ್ದೆ. ಊರಿನ ವಾಚನಾಲಯದಲ್ಲಿ ಒಂದು ದಿನ ಪತ್ರಿಕೆಯ ಸುತ್ತ ಜನ ಮುಕುರಿಕೊಂಡಿದ್ದರು. ನಮ್ಮ ಸರ್ಕಾರ ಬ್ರಿಟಿಷರಿಂದ ಹಳೆಯ ಕ್ರೂಸರ್ ಒಂದನ್ನು ಕೊಂಡು, ಅದಕ್ಕೆ ಮೈಸೂರು ಎಂದು ನಮ್ಮ ರಾಜ್ಯದ ಹೆಸರನ್ನೇ ಇಟ್ಟಿತ್ತು. ಎಲ್ಲರಿಗೂ ಹಿಗ್ಗೋ ಹಿಗ್ಗು. ನಾನೂ ನುಗ್ಗಿ ನೋಡಿದೆ. ಗೂಡಿಗೆ ಮೂರು ಮೂರು ತೋಪು. ಚಿತ್ರದ ಕೆಳಗೆ ಹಡಗಿನ ಹಳೆಯ ಹೆಸರಿತ್ತು, ಆಫ್ರಿಕದ ಆ ದೇಶದ್ದೇ, ದೊಡ್ಡಪ್ಪನ ಹಡಗಿನದೇ.

ಮುಳುಗಿದ ಹಡಗಿನ ಹೆಸರನ್ನು ಹೊಸದಕ್ಕೆ ಇಟ್ಟಿರಬಹುದು ಎಂದುಕೊಂಡೆ. ಮನಸ್ಸು ಏನೇನೋ ನೆವ ಹುಡುಕುತ್ತದೆ. ಆದರೆ ಮುಂದಿನ ಸಾಲುಗಳಲ್ಲೇ ಎಲ್ಲವೂ ಇತ್ತು. ಯುದ್ಧದಲ್ಲಿ ಇದೇ ಹಡಗು ಟ್ರಿಂಕೊಮಲಿಯಲ್ಲಿದ್ದದ್ದು, ಅದೇ ಸ್ಕ್ವಾಡ್ರನ್ನಿನ ಜೊತೆ ಸುಮಾತ್ರಕ್ಕೆ ಹೋದದ್ದು, ಯುದ್ಧ ಮುಗಿದ ಮೇಲೆ ಸುಖವಾಗಿ ತನ್ನ ದೇಶಕ್ಕೆ ಮರಳಿದ್ದು. ಸಿಂಹಳದ ಕೆಳಗೆ ವಿಮಾನಗಳು ಮುಳುಗಿಸಿದ್ದು ಬೇರೆ ಎರಡು ಹಡಗುಗಳನ್ನು, ಅದೂ ಅಪ್ಪ ಊರು ಬಿಡುವುದಕ್ಕೆ ಮುಂಚೆ.

ಮರುದಿನವೇ ರೈಲು ಹತ್ತಿ ಚಿಂತಾಮಣಿಗೆ ಹೋದೆ. ದೊಡ್ಡಪ್ಪ ಯಾರದೋ ಕೋಟಿನ ಕಾಲರು ಹೊಲಿಯುತ್ತಿದ್ದರು. ನನ್ನನ್ನು ಕಂಡು, "ಏನಮ್ಮ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ! ಕಾಫಿ ತರಿಸ್ಲಾ?" ಅಂದರು.

"ನಿಮ್ಮ ಹಡಗು ಮುಳುಗ್ಲೇ ಇಲ್ವಂತಲ್ಲ ದೊಡ್ಡಪ್ಪ. ಪೇಪರ್‌ನಲ್ಲಿ ಬಂದಿದೆ."

ಅವರು ಅಂಗೈಯಿಂದ ಚಕ್ರವನ್ನು ತಡೆದು ನಿಲ್ಲಿಸಿದರು. ಇಲ್ಲ ಎನ್ನುತ್ತಾರೆಂದು ಕಾದೆ. ಆಗಲೂ ಒಂದು ಒಳ್ಳೆಯ ಸುಳ್ಳು ಹೇಳಿದ್ದರೆ ನಂಬಿಬಿಡುತ್ತಿದ್ದೆನೋ ಏನೋ.

"ಮುಳುಗ್ಲಿಲ್ಲಮ್ಮ."

"ಅಪ್ಪ?"

"ನಾನು ಬರೋವಾಗ ಚೆನ್ನಾಗೇ ಇದ್ದ. ಅಲ್ಲೇ ಬಂದರಲ್ಲಿ ಒಬ್ಬಾಕೆ ಜೊತೆ ಸಂಸಾರ ಮಾಡ್ಕೊಂಡಿದ್ದ. ನಾನು ಬರಲ್ಲ, ಸತ್ತೆ ಅಂತ ಹೇಳ್ಬಿಡು ಅಂದ. ನನ್ನ ಕೈ ಹಿಡ್ಕೊಂಡು ಭಾಷೆ ತಗೊಂಡ." ಕೋಟಿನ ಕಾಲರನ್ನು ಪಕ್ಕಕ್ಕಿಟ್ಟು ಹೇಳಿದರು, "ಗಂಡ ಬಿಟ್ಟೋಳು ಅಂದ್ರೆ ನಿಮ್ಮಮ್ಮನ್ನ ಈ ಜನ ಬಾಳೋಕೆ ಬಿಡ್ತಿದ್ರಾ? ಯುದ್ಧದಲ್ಲಿ ಸತ್ತೋನ ಹೆಂಡ್ತಿ ಅಂದ್ರೆ ಒಂದು ಮರ್ಯಾದೆ ಇರ್ತದೆ. ಒಳ್ಳೇದಕ್ಕೇ ಅಂತ ಮಾಡ್ದೆ ಕಣಮ್ಮ."

"ಮತ್ತೆ ಆ ಹಲಗೆ?"

"ಹಲಗೆ..." ಅಂದರು. ಸೀಳಿದ ಉಗುರನ್ನು ಉಜ್ಜಿಕೊಂಡರು. "ಅಷ್ಟು ಚಿಕ್ಕೋಳು ನೀನು. ಅಪ್ಪ ಒಳ್ಳೇವ್ನು ಅಂತ ಅನ್ನಿಸ್ಬೇಕಿತ್ತು ನಿಂಗೆ."

ಅಪ್ಪ ನಮ್ಮನ್ನು ಬಿಟ್ಟುಹೋದದ್ದು ನನಗೆ ಅಷ್ಟಾಗಿ ತಾಗಲಿಲ್ಲ. ಅವನ ಮುಖವೇ ನನಗೆ ನೆನಪಿಲ್ಲ. ಆದರೆ ದೊಡ್ಡಪ್ಪ ವಾರವಾರ ಬಂದು, ನಮ್ಮ ತಟ್ಟೆಯಲ್ಲಿ ಉಂಡು, ಅಮ್ಮನ ಬೋಳು ಹಣೆಯನ್ನು ನೋಡಿಕೊಂಡೇ ರೀಲುಗಳನ್ನು ಸಾಲಾಗಿ ನಿಲ್ಲಿಸಿದ್ದರಲ್ಲ! ಬದುಕಿರುವವನ ಎಡೆಯ ವಡೆ ಅವರ ಗಂಟಲಿನಲ್ಲಿ ಹೇಗೆ ಇಳಿಯಿತು? ನನಗೆ ದ್ರೋಹ ಮಾಡಿದವರು ಅವರೇ, ಅಪ್ಪನಲ್ಲ. ಕಾಫಿ ಕುಡಿಯದೆ ಎದ್ದು ಬಂದೆ.

ಅಮ್ಮನಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಇನ್ನೊಂದು ಸುಳ್ಳು ಆ ಮನೆಗೆ ಬೇಡವಾಗಿತ್ತು. ಕೇಳಿ ಅಮ್ಮ ಅಳಲಿಲ್ಲ. ಯಂತ್ರದ ಮೇಲಿದ್ದ ರವಿಕೆಯನ್ನು ಹೊಲಿದು ಮುಗಿಸಿ, ದಾರ ಕಡಿದು, ಮಡಿಸಿಟ್ಟಳು.

ಸಂತೆಯ ದಿನ ದೊಡ್ಡಪ್ಪ ಎಂದಿನಂತೆ ಗಂಟು ಹಿಡಿದು ಬಂದರು. ಬರದೆ ಇರುತ್ತಾರೆ ಎಂದುಕೊಂಡಿದ್ದೆ, ಆದರೆ ಬರುವಷ್ಟು ಧೈರ್ಯ ಇತ್ತು ಅವರಿಗೆ. ಅಮ್ಮ ಹೊಸ್ತಿಲಲ್ಲೇ ನಿಂತಳು. ಬಂದವರಿಗೆ ಕೊಡುವ ನೀರಿನ ಚೊಂಬು ಅವಳ ಕೈಯಲ್ಲಿರಲಿಲ್ಲ.

"ಭಾವ, ಅವತ್ತು ನನ್ನ ಬಳೆ ಒಡೆಯೋವಾಗ ನೀವು ಈ ಅಂಗಳದಲ್ಲೇ ನಿಂತಿದ್ರಿ ಅಲ್ವಾ?"

"ನಿಂತಿದ್ದೆ ಕಣಮ್ಮ."

"ಒಂದು ಮಾತು ಆಡೋಕಾಗ್ಲಿಲ್ವಾ?"

ದೊಡ್ಡಪ್ಪ ಗಂಟನ್ನು ಜಗುಲಿಯ ಮೇಲಿಟ್ಟು ಬಂದ ದಾರಿಯಲ್ಲೇ ಹೊರಟುಹೋದರು. ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಅವರ ಅಂಗಡಿಯಿಂದ ಹೊಲಿಯುವ ಬಟ್ಟೆ ಮಾತ್ರ ರೈಲಿನಲ್ಲಿ ಬರುತ್ತಿತ್ತು, ಹೊಲಿದದ್ದು ರೈಲಿನಲ್ಲೇ ವಾಪಸು ಹೋಗುತ್ತಿತ್ತು. ಅಮ್ಮ ಅದನ್ನು ಬಿಡಲಿಲ್ಲ. ಕೆಲಸ ಬಿಟ್ಟರೆ ತಿನ್ನುವುದೇನು?

ಮಾಘ ಬಹುಳ ಪಂಚಮಿ ಬಂತು. ಅಮ್ಮ ಬೆಳಿಗ್ಗೆಯೇ ಮುದ್ದೆ ಸಾರು ಮಾಡಿ ಹೊಟ್ಟೆ ತುಂಬ ಉಂಡಳು. ಅಲೀಪುರದ ಬಳೆಗಾರ ಬೀದಿಯಲ್ಲಿ ಕೂಗಿದಾಗ ಕರೆದು ಕೂರಿಸಿ, ಹಸಿರು ಬಳೆಗೆ ಕೈ ಒಡ್ಡಿದಳು. ಅವನಿಗೆ ನಮ್ಮ ಮನೆಯ ವಿಚಾರ ಗೊತ್ತು. ಅವನು ಅನುಮಾನಿಸುತ್ತಾ, "ಮಗಳಿಗಾ ತಾಯಿ?" ಎಂದ.

"ನಂಗೇ. ಹಾಕಪ್ಪ."

ಎದುರುಮನೆಯಾಕೆ ಓಡಿಬಂದು ಎದೆ ಬಡಿದುಕೊಂಡಳು. "ಇದೇನೇ ನೀನು ಮಾಡ್ತಿರೋದು?"

"ಸತ್ತಿಲ್ವಂತೆ ಕಣಕ್ಕ, ಅದಕ್ಕೇ" ಎಂದಳು ಅಮ್ಮ. ದೊಡ್ಡಪ್ಪ ಅಷ್ಟು ವರ್ಷ ಕಾಪಾಡಿದ ಮರ್ಯಾದೆ ಮಧ್ಯಾಹ್ನದೊಳಗೆ ಊರೆಲ್ಲ ಹರಾಜಾಯಿತು. ಕೆಲವರು ರವಿಕೆ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ಅಷ್ಟು ಚೆನ್ನಾಗಿ ತೋಳು ಕೂರಿಸುವವರು ಬೇರೆ ಸಿಗದೆ ಅವರೇ ಬಂದರು. ದೊಡ್ಡಪ್ಪ ಹೆದರಿದ್ದು ಇಷ್ಟಕ್ಕೇ.

ಅರವತ್ತರ ದಶಕದ ಕೊನೆಯಲ್ಲಿ, ನಾನು ಮೇಲೂರಿನ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಾಗ, ಚಿಂತಾಮಣಿಯಿಂದ ಅವರ ಪಕ್ಕದ ಅಂಗಡಿಯವನು ಮನೆಗೆ ಬಂದ. ಅವತ್ತು ಭಾನುವಾರ, ನಾನೂ ಇದ್ದೆ. ದೊಡ್ಡಪ್ಪ ತೀರಿಕೊಂಡರು ಎಂದ. ಅಮ್ಮ ಹೊಲಿಯುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಅವನು ಮತ್ತೊಮ್ಮೆ ಹೇಳಿದ.

ಅಮ್ಮ ತಲೆಯೆತ್ತಿದಳು. "ನೀನು ಕಣ್ಣಾರೆ ನೋಡಿದ್ಯೇನಪ್ಪ?"

ಅವನು ಕಕ್ಕಾಬಿಕ್ಕಿಯಾದ. ನೋಡಿದೆ ಎಂದ. ಅಮ್ಮನಿಗೆ ಅದು ಸಾಲಲಿಲ್ಲ. ಸೀರೆ ಬದಲಿಸಿಕೊಂಡು, ನನ್ನನ್ನೂ ಹೊರಡಿಸಿದಳು.

ಅವರನ್ನು ಅಂಗಡಿಯ ಮುಂದೆಯೇ ಮಲಗಿಸಿದ್ದರು. ಅಮ್ಮ ಪಕ್ಕದಲ್ಲಿ ಕೂತು, ಹೊದಿಕೆಯನ್ನು ಸರಿಸಿ, ಎಡಗೈಯನ್ನು ಹುಡುಕಿ ತೆಗೆದಳು. ತೋರುಬೆರಳನ್ನು ಹಿಡಿದು ಸೀಳಿದ ಉಗುರನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ನಿಜ ಕಣೇ" ಎಂದವಳೇ ಹೋ ಎಂದು ಅತ್ತುಬಿಟ್ಟಳು. ಅಷ್ಟು ದೊಡ್ಡ ದನಿಯಲ್ಲಿ ಅವಳು ಅತ್ತದ್ದನ್ನು ನಾನು ಕೇಳಿರಲೇ ಇಲ್ಲ.

ನಾನು ಅಳಲಿಲ್ಲ. ಯಂತ್ರದ ಪಕ್ಕದ ಗೂಡಿನಲ್ಲಿ ಬಿಳಿ, ಕೆಂಪು, ನೀಲಿ, ಕಪ್ಪು ದಾರದ ರೀಲುಗಳು ಸಾಲಾಗಿ ನಿಂತಿದ್ದವು. ಅವರ ಹಡಗಾಗಿದ್ದ ಕೆಂಪನ್ನು ಎತ್ತಿಕೊಂಡು ಜೋಳಿಗೆಗೆ ಹಾಕಿಕೊಂಡೆ. ಕೊಡಿ ಎಂದು ಇನ್ನು ಯಾರನ್ನು ಕೇಳಬೇಕಿತ್ತು?