ಅನನೀಯನ ಲಾಗ್‌ಶೀಟ್

1982ರಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಕಾಗದಗಳಿಗೆ ಸಹಿ ಹಾಕುವುದೇ ಆ ಹುದ್ದೆಯ ಪರಮ ಕರ್ತವ್ಯ. ಅದಕ್ಕೆ ನಾನೆಂದೂ ಚ್ಯುತಿ ತಂದವನಲ್ಲ.

ಒಂದು ಬೆಳಿಗ್ಗೆ ಹನ್ನೊಂದಕ್ಕೆ ರಿಯಾಕ್ಟರ್, ಅಂದರೆ ಬಣ್ಣ ಕುದಿಸುವ ದೊಡ್ಡ ಹಂಡೆ, ಉಕ್ಕಿ ಮುಚ್ಚಳ ಹಾರಿತು. ಪಕ್ಕದಲ್ಲಿದ್ದ ಹೆಲ್ಪರ್ ಹಣಮಂತನ ಎರಡೂ ಕೈ ಸುಟ್ಟವು. ಗಂಟೆಗೊಮ್ಮೆ ಉಷ್ಣತೆ ಬರೆಯುವ ಲಾಗ್‌ಶೀಟ್ ತರಿಸಿದೆ. ಅದರ ಪ್ರಕಾರ ಹಂಡೆ ಮಧ್ಯಾಹ್ನ ಎರಡರವರೆಗೂ ಅರವತ್ತು ಡಿಗ್ರಿಯಲ್ಲಿ ಸುಖವಾಗಿತ್ತು! ಥರ್ಮಾಮೀಟರ್ ಕೆಟ್ಟು ತಿಂಗಳಾಗಿತ್ತು. ಇಡೀ ಪಾಳಿಯ ಅಂಕಿಗಳನ್ನು ಬೆಳಿಗ್ಗೆ ಏಳಕ್ಕೇ ತುಂಬಿಬಿಡುವುದು ರೂಢಿ.

ಬರೆದವನು ಆಪರೇಟರ್ ಯೇಸಪ್ಪ, ರಾಯಚೂರಿನ ಕ್ರೈಸ್ತ. ತಪ್ಪೆಲ್ಲ ತನ್ನೊಬ್ಬನದೇ ಎಂದು ಹೇಳಿಕೆ ಬರೆದು ತಂದ. ನಾನದನ್ನು ಸ್ವೀಕರಿಸಿದರೆ ಅವನ ನೌಕರಿ ಹೋಗಿ, ಮೇಲೆ ಪೊಲೀಸ್ ಕೇಸು.

"ನಮ್ಮ ಬೈಬಲ್‌ದಾಗಿನ ಅನನೀಯನ ತೀರ್ಪು ಆತ್ರಿ ಸಾಹೇಬ್ರ. ಸುಳ್ಳ ಬರದೆ, ದೇವರು ಬಡದಾ."

"ಬರೆದವನು ನೀನು, ಸುಟ್ಟದ್ದು ಹಣಮಂತನ ಕೈ. ದೇವರ ಗುರಿ ಅಷ್ಟು ಕೆಟ್ಟದ್ದೇನಯ್ಯಾ?"

ಅವನು ನಗಲಿಲ್ಲ. "ಅದಕ್ಕ ಉಳಿದದ್ದು ನಾನs ಪೂರಾ ಮಾಡಾಕ ಬಂದೀನ್ರಿ."

ಬೆಳಗಾವಿ ಕಡೆಯ ಮ್ಯಾನೇಜರರಿಗೆ ಒಮ್ಮೆಲೇ ಭಕ್ತಿ ಉಕ್ಕಿತು. "ರಾಯರ, ದೇವರs ಎನ್‌ಕ್ವೈರಿ ಮುಗಿಸ್ಯಾನ. ನಡುವ ನಿಮ್ಮದೇನ್ರಿ?"

ಯೇಸಪ್ಪನ ಸತ್ಯವೇದ, ಅಂದರೆ ಬೈಬಲ್, ಎರವಲು ಪಡೆದು, ಸಂಜೆ ಥಾಣೆಯ ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ನಿಂತೇ ಓದಿದೆ. ಅನನೀಯ ಹೊಲ ಮಾರಿ, ಹಣದಲ್ಲಿ ಒಂದು ಪಾಲು ಬಚ್ಚಿಟ್ಟು, ಉಳಿದದ್ದನ್ನು ಇದೇ ಪೂರ್ತಿ ಹಣವೆಂದು ಯೇಸುವಿನ ಶಿಷ್ಯರಾದ ಅಪೊಸ್ತಲರ ಮುಂದಿಟ್ಟ. ಸುಳ್ಳು ಬಯಲಾಗಿ ನಿಂತಲ್ಲೇ ಸತ್ತ. ಮೂರು ತಾಸಿನ ಮೇಲೆ, ಗಂಡ ಸತ್ತದ್ದನ್ನು ಅರಿಯದೆ, ಹೆಂಡತಿ ಬಂದಳು. ಅಪೊಸ್ತಲ ಪೇತ್ರ ಅವಳನ್ನು ಕೇಳಿದ: ಹೊಲ ಮಾರಿದ್ದು ಇಷ್ಟಕ್ಕೇನಾ? ನಿಜ ಗೊತ್ತಿದ್ದೂ ಹೌದೆಂದಳು. ಅವಳೂ ಸತ್ತಳು.

ಲಾಗ್‌ಶೀಟಿನ ಮೂಲೆ ನೆನಪಾಯಿತು. ಒಂಬತ್ತರ ರೌಂಡಿನಲ್ಲಿ ನಾನು ಮಾಡಿದ ಸಹಿ: 'ಪರಿಶೀಲಿಸಿದೆ, ಸರಿಯಿದೆ.' ಎರಡು ಗಂಟೆಯವರೆಗೂ ಸರಿಯಿದೆ.

ಮರುದಿನ ಯೇಸಪ್ಪನ ಮುಂದೆ ಆ ಶೀಟನ್ನಿಟ್ಟೆ. "ನೀನು ಅನನೀಯನಾದರೆ ನಾನು ಅವನ ಹೆಂಡತಿ ಕಣಯ್ಯಾ. ಅವಳಿಗೆ ಒಂದು ಪ್ರಶ್ನೆಯನ್ನಾದರೂ ಕೇಳಿದರು. ನಿನ್ನನ್ನು ಯಾರೂ ಕೇಳಿಲ್ಲ, ನಾನು ಕೇಳ್ತೇನೆ. ಹೀಗೆ ಬರೆಯೋನು ನೀನೊಬ್ಬನೇನಾ?"

ನನ್ನ ಸಹಿಯ ಮೇಲೆ ಬೆರಳಿಟ್ಟ. "ಇಲ್ರಿ. ಮೂರೂ ಪಾಳಿಯವ್ರು. ಕೆಳಗ ನೀವು."

ಹಾಗೆಯೇ ವರದಿ ಬರೆದು, ಕೆಟ್ಟ ಥರ್ಮಾಮೀಟರನ್ನೂ ನನ್ನ ಹೆಸರನ್ನೂ ಸೇರಿಸಿದೆ. ಇಬ್ಬರಿಗೂ ಎಂಟು ದಿನ ಸಸ್ಪೆನ್ಷನ್. ಮೂರನೆಯ ದಿನಕ್ಕೇ ಹೊಸ ಥರ್ಮಾಮೀಟರ್ ಬಂತು.

ತೀರ್ಪು ಯಾರದೇ ಇರಲಿ, ಅದಕ್ಕೆ ಮೊದಲು ಒಂದು ಪ್ರಶ್ನೆ ಇರಬೇಕೆಂದು ಆ ನೌಕರಿ ಕಲಿಸಿತು. ಹಣಮಂತನ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ಅಂದಿನಿಂದ, ಇನ್ನೂ ಬಾರದ ಗಂಟೆಗೆ ನಾನು ಸಹಿ ಹಾಕಿಲ್ಲ.