ಬೋರಲು ಹಾಕಿದ ಟೀ ಗ್ಲಾಸು

ದೆವ್ವ, ಗಾಳಿ, ಸೋಕು ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ನನ್ನ ಹೆಂಡತಿ ವ್ಯಾನಿಗೆ ಕಟ್ಟಿದ ನಿಂಬೆಹಣ್ಣನ್ನು ಕಿತ್ತು ಪಾನಕ ಮಾಡಿಸಿಕೊಂಡು ಕುಡಿದವನು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಚಾಕಿ ಕೇಂದ್ರ ಇದೆ. ಅಂದರೆ ರೇಷ್ಮೆ ಹುಳುವನ್ನು ಮೊಟ್ಟೆಯೊಡೆದ ದಿನದಿಂದ ಒಂದಷ್ಟು ದಿನ ಸಾಕಿ, ಆಮೇಲೆ ರೈತರ ಮನೆಗೆ ಮುಟ್ಟಿಸುವ ಕೆಲಸ. ಎಳೇ ಹುಳು ಬಿಸಿಲು ತಡೆಯುವುದಿಲ್ಲ, ಬೆಳಗಿನ ತಂಪಿನಲ್ಲೇ ತಲುಪಿಸಬೇಕು. ಅದಕ್ಕೆ ನನ್ನ ಹತ್ತಿರ ಹಳೇ ಪೆಟ್ರೋಲ್ ವ್ಯಾನು, ಕಾರ್ಬುರೇಟರ್ ಕಾಲದ್ದು. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರುತ್ತದೆ.

ಆ ವ್ಯಾನಿನ ನಾಡಿ ಗೊತ್ತಿದ್ದದ್ದು ಊರಲ್ಲಿ ಒಬ್ಬರಿಗೇ, ಖಾದರ್ ಭಾಯ್‌ಗೆ. ಐಡ್ಲಿಂಗ್, ಅಂದರೆ ಗಾಡಿ ನಿಂತಲ್ಲೇ ಇಂಜಿನ್ ಓಡುವ ಹದ, ಅದನ್ನು ಅವರು ಸೆಟ್ ಮಾಡುವ ರೀತಿಯೇ ಬೇರೆ. ಸೀಟೆತ್ತಿ, ಇಂಜಿನ್ ಓಡುತ್ತಿರುವಾಗಲೇ ಏರ್ ಫಿಲ್ಟರ್ ಡಬ್ಬಿಯ ಮೇಲೆ ಒಂದು ಗ್ಲಾಸ್ ಟೀ ಇಟ್ಟುಬಿಡುತ್ತಿದ್ದರು. ಟೀ ನಡುಗುವುದು ನಿಲ್ಲುವವರೆಗೂ ಕಾರ್ಬುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತಿದ್ದರು. ನಿಂತಮೇಲೆ ಅದೇ ಟೀ ಕುಡಿದು ಗ್ಲಾಸನ್ನು ಡಬ್ಬಿಯ ಮೇಲೆ ಬೋರಲು ಹಾಕುವರು. ಗ್ಲಾಸು ಬೋರಲು ಬಿತ್ತೆಂದರೆ ಕೆಲಸ ಮುಗಿಯಿತು, ಇನ್ನು ಮಾತಿಲ್ಲ.

ಒಂದು ಸಲ ಐಡ್ಲಿಂಗ್ ಕೆಟ್ಟಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಗಾಡಿ ಆಫ್. ಖಾದರ್ ಭಾಯ್ ಸರಿಮಾಡಿ ಕೊಡುವರು, ಎರಡು ವಾರಕ್ಕೆ ಮತ್ತೆ ಅದೇ ಗೋಳು. ಮೂರನೇ ಸಲ ಅವರು, "ಅಣ್ಣ, ನೀವು ಹುಳಿನ ರೋಗಕ್ಕೆ ಅಂತ ಗಾಡಿಗೆ ಹೊಡೀತೀರಲ್ಲ ಬ್ಲೀಚಿಂಗು, ಅದು ಇಂಜಿನ್ ಮೇಲೂ ಬೀಳ್ತೈತೆ. ರಬ್ಬರ್ ಪೈಪ್ ತಡಿಯಲ್ಲ, ಬಿರುಕು ಬಿಟ್ಟು ಗಾಳಿ ಎಳೀತೈತೆ," ಅಂದರು. ಪ್ರತಿ ಬ್ಯಾಚಿಗೆ ಮೊದಲು ವ್ಯಾನನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆಯುವುದು ನಮ್ಮ ಕಸುಬಿನ ಮಡಿ. ಸೀಟೆತ್ತಿ ಒಳಗೂ ಹೊಡೆಯುತ್ತಿದ್ದವನು ನಾನೇ. ನನ್ನ ಮಡಿಗೇ ಹೆಸರಿಡುತ್ತಾನಲ್ಲ ಅಂತ ಮೈ ಉರಿಯಿತು.

ರೇಷ್ಮೆಗೂಡಿನ ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ, ಹತ್ತಾರು ಜನರ ಮುಂದೆ, ಅಲ್ಲಿಯವರೆಗೆ 'ನೀವು' ಅಂತಿದ್ದ ಮನುಷ್ಯನಿಗೆ ಏಕವಚನದಲ್ಲಿ ಅಂದೆ. "ನನ್ನ ಒರಿಜಿನಲ್ ಕಾರ್ಬುರೇಟರ್ ಬಿಚ್ಚಿ ಮಾರ್ಕೊಂಡು ಗುಜರಿ ಮಾಲು ಹಾಕಿದ್ದೀಯ." ಅವರು ಕೈಯಲ್ಲಿದ್ದ ಟೀ ಪೂರ್ತಿ ಕುಡಿಯದೆ ಇಟ್ಟು ಹೋದರು.

ಹಳೇ ಗಾಡಿಯವರು ಊರಲ್ಲಿ ಉಳಿದಿದ್ದದ್ದೇ ನಾಲ್ಕು ಜನ. ನನ್ನ ಮಾತು ಕೇಳಿ ಅವರೂ ಕೈಬಿಟ್ಟರು. ಖಾದರ್ ಭಾಯ್ ಶೆಡ್ಡು ಮುಚ್ಚಿ ಗೌರಿಬಿದನೂರಿನ ಮಗಳ ಮನೆಗೆ ಹೋದರು, ವರ್ಷ ತುಂಬುವುದರೊಳಗೆ ತೀರಿಕೊಂಡರು. ಸುದ್ದಿ ಬಂದಾಗ ನಾನು ಮಣ್ಣಿಗೂ ಹೋಗಲಿಲ್ಲ. ಕೆಲಸ ಇತ್ತು ಅಂತ ಮನೆಯಲ್ಲಿ ಹೇಳಿದೆ. ಎಂಥ ಕೆಲಸ? ಮುಖ ಇರಲಿಲ್ಲ, ಅಷ್ಟೇ.

ಅದಾಗಿ ಮೂರು ತಿಂಗಳಿಗೆ ಒಂದು ಬೆಳಗ್ಗೆ ಮುರುಗಮಲ್ಲದ ಆಚೆಯ ರೈತರೊಬ್ಬರಿಗೆ ಹುಳು ಒಯ್ಯುತ್ತಿದ್ದೆ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಹೊಸ ಕಾರ್ಬುರೇಟರನ್ನೇ ಹಾಕಿದ್ದ, ರೋಗ ಮಾತ್ರ ಹಾಗೇ ಇತ್ತು. ಮುರುಗಮಲ್ಲದ ಬಸ್ ನಿಲ್ಲುವಲ್ಲಿ ಗಾಡಿ ನಿಂತೇಹೋಯಿತು. ಬಿಸಿಲು ಏರುತ್ತಿತ್ತು. ಟೀ ತಂದು, ಸೀಟೆತ್ತಿ, ಹೊಟ್ಟೆಯುರಿಗೋ ಏನೋ ಗ್ಲಾಸನ್ನು ಡಬ್ಬಿಯ ಮೇಲೆ ಕುಕ್ಕಿ, "ಬಾರಯ್ಯ ಖಾದರ್, ನೀನೇ ಬಂದು ನೋಡು," ಅಂದೆ. ಕೊಂಕಾಗಿಯೇ ಅಂದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎದುರು ಸಾಲಿನ ಅಂಗಡಿಗಳಲ್ಲಿ ಮೆಕ್ಯಾನಿಕ್ ಯಾರಾದರೂ ಇದ್ದಾರಾ ಅಂತ ವಿಚಾರಿಸಲು ಹೋದೆ. ಕೀ ಗಾಡಿಯಲ್ಲೇ ಇತ್ತು.

ಹತ್ತು ನಿಮಿಷ ಕಳೆದಿರಬಹುದು. ವಾಪಸ್ ಬಂದಾಗ ಇಂಜಿನ್ ಓಡುತ್ತಿತ್ತು. ಆಕ್ಸಿಲರೇಟರಿನ ಮೇಲೆ ಯಾರ ಕಾಲೂ ಇಲ್ಲ, ಮೆತ್ತಗೆ, ಒಂದೇ ಸಮನೆ ಓಡುತ್ತಿತ್ತು. ಟೀ ಗ್ಲಾಸು ಡಬ್ಬಿಯ ಮೇಲೆ ಬೋರಲಾಗಿತ್ತು. ಸುತ್ತ ಒಂದು ತೊಟ್ಟೂ ಚೆಲ್ಲಿರಲಿಲ್ಲ. 

ಬಗ್ಗಿ ನೋಡಿದೆ. ಕಾರ್ಬುರೇಟರಿನ ಕೆಳಗೆ ಬರುವ ಸಣ್ಣ ರಬ್ಬರ್ ಪೈಪಿನ ತುದಿಯನ್ನು ಯಾರೋ ಕತ್ತರಿಸಿ ಮತ್ತೆ ಸಿಕ್ಕಿಸಿದ್ದರು. ಕತ್ತರಿಸಿದ ಚೂರು ಪಕ್ಕದಲ್ಲೇ ಇತ್ತು. ಎರಡು ಬೆರಳ ನಡುವೆ ಒತ್ತಿದರೆ ಚಟ್ಟೆಂದು ಮುರಿಯುವಷ್ಟು ಗಡುಸು, ಉದ್ದಕ್ಕೂ ಬಿರುಕು, ಮೇಲೆ ಬಿಳೀ ಪುಡಿ. ಮೂಸಿದೆ. ಬ್ಲೀಚಿಂಗು.

ನನಗೆ ಟೀ ಕೊಟ್ಟಿದ್ದ ಅಲ್ಲಿನ ಅಂಗಡಿಯ ಆಯಮ್ಮನನ್ನು ಕೇಳಿದೆ. ಗಾಡಿಯ ಹತ್ತಿರ ನರಪಿಳ್ಳೆಯೂ ಬರಲಿಲ್ಲ ಅಂದಳು. ಯಾರೋ ಪುಣ್ಯಾತ್ಮ ಡ್ರೈವರು ನೋಡಿ ರಿಪೇರಿ ಮಾಡಿರಬಹುದು, ಆಯಮ್ಮ ಗಿರಾಕಿಗಳ ಗಡಿಬಿಡಿಯಲ್ಲಿ ಗಮನಿಸದೇ ಇರಬಹುದು. ನೀವು ಹೇಳುವುದನ್ನೆಲ್ಲ ನಾನೂ ಹೇಳಿಕೊಂಡಿದ್ದೇನೆ. ಗ್ಲಾಸು ಬೋರಲು ಹಾಕುವುದು ಅವನಿಗೆ ಹೇಗೆ ಗೊತ್ತು ಅನ್ನುವಲ್ಲಿಗೆ ಬಂದು ನಿಲ್ಲುತ್ತೇನೆ.

ಹುಳು ಹೊತ್ತಿಗೆ ಸರಿಯಾಗಿ ತಲುಪಿದವು. ಮುಂದಿನ ವಾರ ಆ ಚೂರನ್ನು ಜೇಬಿನಲ್ಲಿಟ್ಟುಕೊಂಡು ಗೌರಿಬಿದನೂರಿಗೆ ಹೋದೆ. ಖಾದರ್ ಭಾಯ್ ಮಗಳ ಕೈಗೆ ಅದನ್ನು ಕೊಟ್ಟು, ತಪ್ಪು ನನ್ನದಮ್ಮ, ನಿಮ್ಮಪ್ಪಂದಲ್ಲ ಅಂದೆ. ಮುರುಗಮಲ್ಲದ ವಿಷಯ ಹೇಳಲು ಬಾಯಿ ಬರಲಿಲ್ಲ. ಆಕೆ ಚೂರನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

"ನಮ್ಮಪ್ಪನ್ನ ಕಳ್ಳ ಅಂದಿದ್ದು ಟೀ ಅಂಗಡಿ ಮುಂದೆ ಅಲ್ವಾ ಅಣ್ಣ? ಇದನ್ನೂ ಅಲ್ಲೇ ಹೇಳಿ."

ಆ ಟೀ ಅಂಗಡಿ ಈಗಲೂ ಇದೆ. ಅವತ್ತಿದ್ದವರಲ್ಲಿ ಮುಕ್ಕಾಲು ಜನ ಈಗಲೂ ಅಲ್ಲೇ ಕೂರುತ್ತಾರೆ. ಎರಡು ಸಲ ಹೋಗಿ ಟೀ ತಗೊಂಡು, ಬಾಯಿ ಬಿಡದೆ ಎದ್ದು ಬಂದಿದ್ದೇನೆ. ಅವತ್ತು ರಿಪೇರಿ ಮಾಡಿದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ವ್ಯಾನು ಮಾತ್ರ ಅವತ್ತಿನಿಂದ ಒಂದು ಸಲವೂ ಆಫ್ ಆಗಿಲ್ಲ. ಆ ಚೂರು ಇನ್ನೂ ನನ್ನ ಜೇಬಿನಲ್ಲೇ ಇದೆ.