ಇಬ್ಬರು ಬಡಿಗೇರರು

ಕಾಕಾನ ಎಡಗೈ ಹೆಬ್ಬೆರಳಿಗೆ ತುದಿಯೇ ಇರಲಿಲ್ಲ. ಹುಡುಗರಾಗಿದ್ದಾಗ ಅಪ್ಪನ ಜೊತೆ ಚಕ್ಕಡಿ ಗಾಡಿಯ ಗಾಲಿ ಮಾಡುವಾಗ ಬಾಚಿ ಜಾರಿ ಉಗುರಿನ ಸಮೇತ ಹೋಗಿತ್ತಂತೆ. ಒಮಾನಿನ ಸೊಹಾರ್‌ನಲ್ಲಿದ್ದ ನಮ್ಮ ಉಕ್ಕಿನ ಕಾರ್ಖಾನೆಯಲ್ಲಿ ಅವರು ಫಿಟರ್‌ಗಳ ಫೋರ್‌ಮನ್. ನಾನು ಆಫೀಸಿನಲ್ಲಿ ವೀಸಾ, ರೆಸಿಡೆಂಟ್ ಕಾರ್ಡುಗಳ ಕಾಗದಪತ್ರ ನೋಡುವವಳು. ಬಾಗಲಕೋಟೆ ಕಡೆಯವರೆಲ್ಲ ಅವರನ್ನು ಕಾಕಾ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು. ಮೈಸೂರಿನವಳಾದ ನನಗೂ ಅವರು ಕಾಕಾ ಆದರು, ಅವರಿಗೆ ನಾನು ತಂಗಿಯಾದೆ. ಇದೆಂಥ ಸಂಬಂಧ ಎಂದು ನನ್ನ ಗಂಡ ನಗುತ್ತಿದ್ದರು.

ಕಂಪನಿಯ ದಾಖಲೆಯಲ್ಲಿ ಮಾತ್ರ ಅವರು ಬೇರೆ ಯಾರೋ. ಪಾಸ್‌ಪೋರ್ಟ್ ಮಾಡಿಸುವಾಗ ಹುಬ್ಬಳ್ಳಿಯ ಏಜೆಂಟನೊಬ್ಬ, ಅಡ್ಡಹೆಸರು ಬಡಿಗೇರ ಎಂದು ಬರೆದರೆ ಮರಗೆಲಸಕ್ಕೇ ಕಳಿಸುತ್ತಾರೆ, ಫಿಟರ್ ಕೆಲಸ ಸಿಗುವುದಿಲ್ಲ ಎಂದು ಹೆದರಿಸಿದ್ದ. ಇವರು ನಂಬಿ ಆ ಜಾಗದಲ್ಲಿ ಅಪ್ಪನ ಹೆಸರು ಬರೆಸಿಬಿಟ್ಟರು. ಇಲ್ಲಿಯ ಕಾಗದಗಳಲ್ಲಿ ಅಡ್ಡಹೆಸರೇ ಮೊದಲು, ಹಾಗಾಗಿ ಬಂದಮೇಲೆ ಗೇಟ್ ಪಾಸಿನಿಂದ ಬ್ಯಾಂಕಿನವರೆಗೆ ಎಲ್ಲರೂ ಕರೆದದ್ದು ಅದೇ ಹೆಸರಿನಿಂದ. "ಸತ್ತ ನಮ್ಮಪ್ಪ ದಿನಾ ಇಲ್ಲಿ ಹಾಜರಿ ಹಾಕ್ತಾನ ನೋಡ ತಂಗಿ" ಎನ್ನುತ್ತಿದ್ದರು. ಅದನ್ನು ತಮಾಷೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆಮೇಲೆ ಹೊಸ ಯಂತ್ರ ಕೂರಿಸಲು ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದರು. ಹೆಲ್ಮೆಟ್ಟಿನ ಮೇಲೆ ಅವರ ಅಡ್ಡಹೆಸರು ಅಂಟಿಸಿತ್ತು. ನಮ್ಮವರು ಅದನ್ನು ಓದಿದ್ದು ಮಾರುತಿ ಕಾರಿನ ಹೆಸರಿನ ಹಾಗೆ. ವಾರದೊಳಗೆ ಅವರು ಎಲ್ಲರಿಗೂ 'ವ್ಯಾಗನಾರ್ ಸಾಹೇಬ್ರು' ಆದರು. ಒಂದು ದಿನ ಚಹಾದ ಹೊತ್ತಿಗೆ ಅವರೇ ಕಾಕಾನನ್ನು ಕೂರಿಸಿಕೊಂಡು ತಿದ್ದಿದರಂತೆ. ಅದು ವಾಗ್ನರ್. ಅವರ ಭಾಷೆಯಲ್ಲಿ 'ವಾಗನ್' ಎಂದರೆ ಗಾಡಿ, ಗಾಡಿ ಮಾಡುವವನು ವಾಗ್ನರ್.

ಕಾಕಾ ಗ್ರೀಸ್ ಮೆತ್ತಿದ ಕೈಯಲ್ಲೇ ನನ್ನ ಮೇಜಿಗೆ ಬಂದರು. "ತಂಗಿ, ಆ ಸಾಹೇಬ ನಮ್ಮಾಂವ! ಖರೇನ ಬಡಿಗೇರ!"

ಅಲ್ಲಿಂದ ದಿನಕ್ಕೊಂದು ಸುದ್ದಿ. ಊರೂರಿಗೂ ಗಾಡಿ ಬೇಕಿತ್ತು, ಹಾಗಾಗಿ ಊರೂರಲ್ಲೂ ವಾಗ್ನರ್ ಇದ್ದಾರಂತೆ. ಆ ದೇಶದ ಉತ್ತರಕ್ಕೆ ಹೋದರೆ ಅದೇ ಕೆಲಸದವರಿಗೆ ರಾಡೆಮಾಖರ್ ಅನ್ನುತ್ತಾರಂತೆ, ಗಾಲಿ ಮಾಡುವವರು ಅಂತ. ಅಮೆರಿಕಕ್ಕೆ ಹೋದ ಕೆಲವರನ್ನು ಅಲ್ಲಿಯವರು ವ್ಯಾಗನರ್ ಎಂದು ಕರೆದೂ ಕರೆದೂ, ಬರೆಯುವುದೂ ಹಾಗೇ ಆಯಿತಂತೆ. "ನಾವು ತಪ್ಪ ಅಂದಿದ್ದು ಅಲ್ಲಿ ಖರೇ ಹೆಸರಽ ಆಗೇತಿ!" ಎಂದು ಕಾಕಾ ಮೇಜು ಕುಟ್ಟಿ ನಕ್ಕರು. ಮರುಗಳಿಗೆಗೆ ಮೊಂಡು ಹೆಬ್ಬೆರಳು ಸವರಿಕೊಂಡರು.

"ಅವರ ಮನ್ಯಾಗ ನಾಕ ತಲೆಮಾರಿಂದ ಯಾರೂ ಗಾಲಿ ಮುಟ್ಟಿಲ್ಲಂತ. ಹೆಸರ ಮಾತ್ರ ಬಿಟ್ಟಿಲ್ಲ. ನಾ ಗಾಲಿ ಮಾಡಿ ಬೆರಳ ಕಳಕೊಂಡಾಂವ, ಹೆಸರ ಬಿಟ್ಟ ಕುಂತೀನಿ."

ಸಾಹೇಬರು ಆಮೇಲೆ ಕಾಕಾನನ್ನು 'ಬಾಡಿಗರ್' ಎಂದೇ ಕರೆದರು. ಇಡೀ ಒಮಾನಿನಲ್ಲಿ ಅವರನ್ನು ಅವರ ಅಡ್ಡಹೆಸರಿನಿಂದ ಕರೆದ ಮನುಷ್ಯ ಆ ಸಾಹೇಬರೊಬ್ಬರೇ.

ಸಾಹೇಬರು ಊರಿಗೆ ಮರಳಿದ ವಾರವೇ ಕಾಕಾ ಹೆಸರು ತಿದ್ದಿಸುವ ಅರ್ಜಿ ತಂದುಕೊಟ್ಟರು. ಕಂಪನಿಯ ಪತ್ರವಿಲ್ಲದೆ ಅದು ಮುಂದೆ ಹೋಗುವಂತಿರಲಿಲ್ಲ. ಪತ್ರ ತಯಾರಿಸಬೇಕಾದವಳು ನಾನು. ಪಾಸ್‌ಪೋರ್ಟ್ ಬದಲಾದರೆ ವೀಸಾ, ಕಾರ್ಡು, ಬ್ಯಾಂಕು, ಎಲ್ಲವನ್ನೂ ಮತ್ತೆ ಮಾಡಬೇಕು.

"ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗ್ಲಿ ಕಾಕಾ, ಆಮೇಲೆ ನೋಡೋಣ" ಎಂದೆ. ಅವರ ಹಿತಕ್ಕೆ ಹೇಳಿದೆ ಎಂದು ಆಗ ನನ್ನನ್ನು ನಾನೇ ನಂಬಿಸಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಮೈಗಳ್ಳತನ. ರಿನ್ಯೂ ಆಯಿತು, ರಂಜಾನ್ ಬಂತು, ಈದ್ ರಜೆ ಮುಗಿಯಿತು. ಅರ್ಜಿ ನನ್ನ ಡ್ರಾಯರಿನಲ್ಲೇ ಇತ್ತು. ಮೂರನೇ ಸಲ ಕೇಳಲು ಬಂದಾಗ ಬಾಗಿಲಲ್ಲೇ ನಿಂತರು.

"ಗಡಿಬಿಡಿ ಏನಿಲ್ಲ ತಂಗಿ. ನಾ ಸಾಯೂದ್ರಾಗ ಆದ್ರ ಸಾಕು."

ಜೂನ್ ತಿಂಗಳ ಒಂದು ಬೆಳಿಗ್ಗೆ ಕಂಪನಿ ಬಸ್ಸು ಗೇಟಿಗೆ ಬಂದಾಗ ಎಲ್ಲರೂ ಇಳಿದರು, ಕಾಕಾ ಇಳಿಯಲಿಲ್ಲ. ಕಿಟಕಿಗೆ ತಲೆ ಆನಿಸಿ ಕೂತಲ್ಲೇ ಎದೆಬಡಿತ ನಿಂತುಹೋಗಿತ್ತು.

ಶವಾಗಾರದಲ್ಲಿ ಗುರುತು ಹಿಡಿಯಲು ನಾನು ಹೋದೆ. ಅಲ್ಲಿಯ ಗುಮಾಸ್ತ ಕಾಗದ ನೋಡಿ ಅವರ ಅಪ್ಪನ ಹೆಸರು ಓದಿ, ಇವರೇನಾ ಎಂದು ಕೇಳಿದ. ಬಟ್ಟೆಯ ಕೆಳಗಿನಿಂದ ಆ ಮೊಂಡು ಹೆಬ್ಬೆರಳು ಕಾಣುತ್ತಿತ್ತು. ಹೌದು ಎಂದೆ. ಬೇರೆ ಏನು ಹೇಳಲಿ? ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿದ್ದ ಹೆಸರೇ ಇರಬೇಕು, ಒಂದಕ್ಷರ ತಪ್ಪಿದರೂ ಪೆಟ್ಟಿಗೆ ವಿಮಾನ ಹತ್ತುವುದಿಲ್ಲ. ಎಲ್ಲವನ್ನೂ ನನ್ನ ಕೈಯಾರೆ ತುಂಬಿದೆ. ಅರ್ಜಿಗೆ ತಿಂಗಳುಗಟ್ಟಲೆ ಸಿಗದ ಪುರುಸೊತ್ತು ಇದಕ್ಕೆ ಒಂದೇ ದಿನದಲ್ಲಿ ಸಿಕ್ಕಿತ್ತು.

ಪೆಟ್ಟಿಗೆ ಊರು ಮುಟ್ಟಿದ ಮೂರು ದಿನದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಬೈಯಲಿಲ್ಲ, ಅಳಲೂ ಇಲ್ಲ. "ಪೆಟಗಿ ಮ್ಯಾಲೆ ನಮ್ಮ ಮಾವನ ಹೆಸರ ಇತ್ತಲ್ರೀ ಅಕ್ಕಾರ. ಓಣ್ಯಾಗಿನವ್ರು ಓದಿ ಓದಿ ಕೇಳಿದ್ರು, ಬಂದಾಂವ ಯಾಂವ ಅಂತ."

ಕಳೆದ ತಿಂಗಳು ಜರ್ಮನಿಯಿಂದ ಆಫೀಸಿಗೆ ಒಂದು ಮೇಲ್ ಬಂತು. ನಮ್ಮ ಬಾಡಿಗರ್ ಹೇಗಿದ್ದಾರೆ, ಅವರಿಗೆ ಹಳೆಯ ಗಾಡಿ ಗಾಲಿಯೊಂದರ ಫೋಟೊ ಕಳಿಸಬೇಕಿತ್ತು ಎಂದು ವಾಗ್ನರ್ ಸಾಹೇಬರು ಕೇಳಿದ್ದರು. ಹೊಸದಾಗಿ ಸೇರಿದ ನನ್ನ ಸಹೋದ್ಯೋಗಿ, ಮಂಗಳೂರಿನವಳು, ಕಂಪ್ಯೂಟರಿನಲ್ಲಿ ಹುಡುಕಿ ನನ್ನ ಕಡೆ ತಿರುಗಿದಳು.

"ಮೇಡಂ, ಈ ಹೆಸರಿನವರು ರೆಕಾರ್ಡಲ್ಲಿ ಯಾರೂ ಇಲ್ಲ. ಇಲ್ಲಿ ಕೆಲಸ ಮಾಡ್ಲೇ ಇಲ್ಲ ಅಂತ ರಿಪ್ಲೈ ಕೊಡ್ಲಾ?"

"ಬೇಡ, ನಾನೇ ಬರೀತೀನಿ" ಎಂದು ಡ್ರಾಯರ್ ತೆಗೆದೆ. ಅರ್ಜಿ ಹಾಗೇ ಇತ್ತು. ಅಡ್ಡಹೆಸರಿನ ಜಾಗದಲ್ಲಿ ಅವರು ಒತ್ತಿ ಒತ್ತಿ ಬರೆದ 'ಬಡಿಗೇರ', ಅದರ ಪಕ್ಕದಲ್ಲಿ ಕಾಗದ ಹಿಡಿದಿದ್ದ ಮೊಂಡು ಬೆರಳಿನ ಗ್ರೀಸ್ ಗುರುತು. ಅದನ್ನು ನೋಡುತ್ತಾ ಉತ್ತರ ಬರೆದೆ: ಇದ್ದರು. ದಾಖಲೆಯಲ್ಲಿ ಇಲ್ಲದಿರುವುದು ನನ್ನ ತಪ್ಪು.